ಕಾಯಿಸಿದರಷ್ಟೇ ಸಾಲದು

ರಾಸಾಯನಿಕ ಕ್ರಿಯೆಯ ವೇಗ ಯಾವುದನ್ನು ಅವಲಂಬಿಸಿದೆ ಎಂದು ಕೇಳಿದರೆ ಪಿಯುಸಿ ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ: ಉಷ್ಣತೆ, ಒತ್ತಡ, ಮೇಲ್ಮೈ ವಿಸ್ತಾರ, ಕ್ರಿಯಾವರ್ಧಕ. ಉತ್ತರ ಸರಿಯೇ. ಆದರೆ ಇವುಗಳನ್ನೆಲ್ಲ ಒಟ್ಟಿಗೆ ದುಡಿಸುವುದು ಎಷ್ಟು ಕಷ್ಟ ಎಂಬುದು ಅಮೋನಿಯಾದ ಚರಿತ್ರೆ ಓದಿದವರಿಗೇ ಗೊತ್ತು.

ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ಅದಕ್ಕೆ ಜಲಜನಕ ಕೂಡಿದರೆ ಅಮೋನಿಯಾ. ಲೆಕ್ಕದ ಪ್ರಕಾರ ಕೋಣೆಯ ಉಷ್ಣತೆಯಲ್ಲೇ ಇದು ಆಗಬೇಕು. ಆದರೆ ಸಾರಜನಕದ ಎರಡು ಪರಮಾಣುಗಳನ್ನು ಹಿಡಿದಿರುವ ತ್ರಿಬಂಧ ಬಲು ಗಟ್ಟಿ. ವರ್ಷಗಟ್ಟಲೆ ಕಾದರೂ ಕ್ರಿಯೆ ಕದಲುವುದಿಲ್ಲ. ಕಾಯಿಸಿದರೆ ಅಣುಗಳ ಡಿಕ್ಕಿ ಬಿರುಸಾಗಿ ವೇಗ ಬರುತ್ತದೆ, ನಿಜ. ತೊಡಕಿರುವುದೂ ಅಲ್ಲೇ: ಇದು ಶಾಖ ಹೊರಬಿಡುವ ಕ್ರಿಯೆ, ಹಾಗಾಗಿ ಕಾಯಿಸಿದಷ್ಟೂ ಹುಟ್ಟಿದ ಅಮೋನಿಯಾ ಮತ್ತೆ ಒಡೆಯುತ್ತದೆ. ಬೇಗ ಆಗಬೇಕೆಂದರೆ ಕಡಿಮೆ ಸಿಗುತ್ತದೆ, ಹೆಚ್ಚು ಸಿಗಬೇಕೆಂದರೆ ಕ್ರಿಯೆಯೇ ನಡೆಯುವುದಿಲ್ಲ.

ಒತ್ತಡವೊಂದು ಎರಡೂ ಕಡೆ ನೆರವಾಗುತ್ತದೆ. ನಾಲ್ಕು ಅಣುಗಳು ಸೇರಿ ಎರಡಾಗುವುದರಿಂದ ಒತ್ತಿದಷ್ಟೂ ಫಲ ಹೆಚ್ಚು, ವೇಗವೂ ಹೆಚ್ಚು. 1909ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಸ್ ಹಾಬರ್ ಭಾರೀ ಒತ್ತಡದಲ್ಲಿ, ಆಸ್ಮಿಯಂ ಲೋಹದ ನೆರವಿನಿಂದ ಅಮೋನಿಯಾದ ಹನಿಗಳನ್ನು ಇಳಿಸಿ ತೋರಿಸಿದರು. ಆದರೆ ಕಾರ್ಖಾನೆ ನಡೆಸುವಷ್ಟು ಆಸ್ಮಿಯಂ ಜಗತ್ತಿನಲ್ಲೇ ಇರಲಿಲ್ಲ.

ಆಗ ಬಿಎಎಸ್‌ಎಫ್ ಕಂಪನಿಯ ಆಲ್ವಿನ್ ಮಿಟಾಶ್ ಅಗ್ಗದ ಕ್ರಿಯಾವರ್ಧಕ ಹುಡುಕಲು ಹೊರಟರು. ಅವರ ತಂಡ ಸಾವಿರಾರು ಮಿಶ್ರಣಗಳನ್ನು ಪರೀಕ್ಷಿಸಿತು. ಶುದ್ಧ ಕಬ್ಬಿಣ ಹೆಚ್ಚು ಹೊತ್ತು ಬಾಳಲಿಲ್ಲ. ಸ್ವೀಡನ್ನಿನ ಅದಿರೊಂದು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಗುಟ್ಟು ಅದರಲ್ಲಿದ್ದ ಬೆರಕೆಯಲ್ಲಿತ್ತು. ಅದಿರಿನ ಆಮ್ಲಜನಕವನ್ನು ಜಲಜನಕ ಕಿತ್ತುಕೊಂಡು ಹೋದಾಗ ಕಬ್ಬಿಣದ ತುಂಬ ಸಣ್ಣ ರಂಧ್ರಗಳು ಉಳಿಯುತ್ತವೆ. ಒಂದೇ ಗ್ರಾಂನೊಳಗೆ ಕೋಣೆಯೊಂದರ ನೆಲದಷ್ಟು ಮೇಲ್ಮೈ. ಕಾವಿಗೆ ಆ ರಂಧ್ರಗಳು ಮುಚ್ಚಿಹೋಗದಂತೆ ಬೆರಕೆಯಲ್ಲಿನ ಅಲ್ಯೂಮಿನಾ ಕಾಯುತ್ತದೆ. ಚಿಟಿಕೆ ಪೊಟ್ಯಾಶ್ ಸಾರಜನಕದ ಬಂಧ ಬಿಡಿಸಲು ನೆರವಾಗುತ್ತದೆ. ಈ ಕಬ್ಬಿಣ ಸಿಕ್ಕ ಮೇಲೆ 500 ಡಿಗ್ರಿಯ ಆಸುಪಾಸಿನಲ್ಲೇ ಕ್ರಿಯೆಗೆ ಸಾಕಷ್ಟು ವೇಗ ಬಂತು. ಒಂದು ಸುತ್ತಿಗೆ ಸಿಗುವ ಅಮೋನಿಯಾ ಸ್ವಲ್ಪವೇ. ಅದನ್ನು ತಣಿಸಿ ತೆಗೆದು, ಉಳಿದ ಅನಿಲವನ್ನು ಮತ್ತೆ ಒಳಗೆ ಹಾಯಿಸಿದರಾಯಿತು. 1913ರಲ್ಲಿ ಕಂಪನಿಯ ಒಪ್ಪಾವ್ ಕಾರ್ಖಾನೆ ಶುರುವಾಯಿತು.

ಹಾಬರ್‌ಗೆ 1918ರ ನೊಬೆಲ್, ಕಾರ್ಖಾನೆ ಕಟ್ಟಿದ ಕಾರ್ಲ್ ಬಾಷ್‌ಗೆ 1931ರದು. ಕಬ್ಬಿಣದ ಮೇಲ್ಮೈಯಲ್ಲಿ ಸಾರಜನಕ ಒಡೆಯುವ ಬಗೆಯನ್ನು ಹಂತಹಂತವಾಗಿ ಬಿಡಿಸಿಟ್ಟ ಗೆರ್ಹಾರ್ಡ್ ಎರ್ಟ್ಲ್‌ಗೆ 2007ರದು. ಮಿಟಾಶ್‌ಗೆ ಮಾತ್ರ ಸಿಗಲಿಲ್ಲ. ಇದು ಅನ್ಯಾಯವೆಂದೇ ನನ್ನ ಅನಿಸಿಕೆ. ಯೂರಿಯಾ ಮೂಟೆಗೆ ಬೇಕಾದ ಅಮೋನಿಯಾವನ್ನು ಲೋಕದ ಕಾರ್ಖಾನೆಗಳು ಇಂದಿಗೂ ಬಹುಪಾಲು ಅವರು ಹದಮಾಡಿದಂಥ ಕಬ್ಬಿಣದ ಮೇಲೆಯೇ ತಯಾರಿಸುತ್ತಿವೆ.