ಚಪ್ಪರಕ್ಕೆ ಮೊದಲು ತಂಬೂರಿ

ಯುಗಾದಿ ಹತ್ತಿರವಾದಂತೆ ಊರೂರಿನ ಸಂಗೀತ ಸಭೆಗಳಲ್ಲಿ ಪಟ್ಟಿಗಳು ತಯಾರಾಗುತ್ತವೆ. ಯಾವ ದಿನ ಯಾರ ಹಾಡುಗಾರಿಕೆ, ಯಾರಿಗೆ ಯಾರ ಪಿಟೀಲು, ಚಪ್ಪರ ಎಷ್ಟಗಲ, ಮೈಕಿನವರು ಯಾರು, ಕೋಸಂಬರಿ ಪಾನಕ ಯಾರ ಲೆಕ್ಕಕ್ಕೆ. ಬೆಂಗಳೂರಿನ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಆರಂಭವಾದದ್ದು 1939ರಲ್ಲಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಅದರ ಚಪ್ಪರದ ಹೆಸರು ಕೇಳದ ಸಂಗೀತಪ್ರಿಯರು ಕಡಿಮೆ. ಅದನ್ನು ನೋಡಿ ಹುಟ್ಟಿದವು, ತಮ್ಮಷ್ಟಕ್ಕೆ ಹುಟ್ಟಿದವು ಎಂದು ರಾಜ್ಯದ ಬಡಾವಣೆಗಳಲ್ಲಿ, ರಾಮಮಂದಿರಗಳಲ್ಲಿ ಬೇಸಿಗೆಯ ಉತ್ಸವಗಳು ಹತ್ತಾರು. ಇವುಗಳ ಖರ್ಚಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ ಸಾಲು ಒಂದಿದೆ: ತಂಬೂರಿ.

ತಂಬೂರಿ ಹಾಡುವವರೇ ತರುವ ವಸ್ತು, ತರದಿದ್ದರೆ ಪೆಟ್ಟಿಗೆ ಇದ್ದೇ ಇದೆ ಎಂಬುದು ಸಂಘಟಕರ ಲೆಕ್ಕ. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ತಿಳಿಯಲು ತಂಬೂರಿ ಬರುವ ದಾರಿಯನ್ನು ಒಮ್ಮೆ ನೋಡಬೇಕು.

ಬೆಂಗಳೂರಿನಿಂದ ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವ ಕನ್ನಡಿಗರಿಗೆ ದೌಂಡ ಪರಿಚಿತ. ಕಲಬುರಗಿ, ಸೊಲ್ಲಾಪುರ ದಾಟಿದ ಮೇಲೆ, ಪುಣೆಗೆ ಮೊದಲು ಬರುವ ಜಂಕ್ಷನ್ ಅದು. ಊರಿನ ಪಕ್ಕದಲ್ಲೇ ಭೀಮಾ ನದಿ, ಸುತ್ತ ಕಬ್ಬು. ಇದೇ ಭೀಮೆ ಕೆಳಗೆ ಹರಿದು ಉಜನಿ ಅಣೆಕಟ್ಟು ತುಂಬಿಸಿ, ಪಂಢರಪುರದಲ್ಲಿ ಚಂದ್ರಭಾಗೆಯಾಗಿ, ಮುಂದೆ ಕರ್ನಾಟಕಕ್ಕೆ ಇಳಿದು ಕೃಷ್ಣೆಯನ್ನು ಸೇರುತ್ತದೆ. ಪಂಢರಪುರ, ಮಂಗಳವೇಢೆಯ ಕಡೆಯ ಹೊಲಗಳಲ್ಲಿ ತಿನ್ನಲಾಗದ ದೊಡ್ಡ ಸೋರೆ ಬೆಳೆಯುತ್ತಾರೆ. ಅದು ಬಲಿತು, ತಿಂಗಳುಗಟ್ಟಲೆ ಒಣಗಿ, ಗಟ್ಟಿ ಬುರುಡೆಯಾದ ಮೇಲೆ ಮೀರಜಿಗೆ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದಿಂದಲೂ ಸಿತಾರ್, ತಂಬೂರಿ ಮಾಡುತ್ತ ಬಂದಿರುವ ಮನೆತನಗಳು ಅಲ್ಲಿವೆ. ಅವರ ಹಿರಿಯರು ಆಯುಧಗಳ ಕೆಲಸದಿಂದ ವಾದ್ಯಗಳ ಕೆಲಸಕ್ಕೆ ಬಂದವರು. ಮೀರಜಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಮಾನ್ಯತೆ ಹೆಸರನ್ನು ಕಾಯುತ್ತದೆ, ಕೆಲಸವನ್ನಲ್ಲ. ಬುರುಡೆಯನ್ನು ಕಾರ್ಖಾನೆಯಲ್ಲಿ ಎರಕ ಹೊಯ್ಯಲಾಗದು. ಗಾತ್ರ, ದುಂಡು, ಸಿಪ್ಪೆಯ ದಪ್ಪ ಎಲ್ಲ ಹೊಲದಲ್ಲೇ ತೀರ್ಮಾನವಾಗುತ್ತವೆ. ಕೊಳ್ಳುವವರು ಇದ್ದರೆ ಮಾತ್ರ ರೈತ ಸೋರೆ ಹಾಕುತ್ತಾನೆ, ಇಲ್ಲದಿದ್ದರೆ ಅವನ ಪಕ್ಕದಲ್ಲೇ ಕಬ್ಬಿದೆ.

ಇನ್ನು ಬೇಸಿಗೆಯ ಮಾತು. ಬಿಸಿಗೆ ಲೋಹದ ತಂತಿ ಹಿಗ್ಗುತ್ತದೆ, ಬಿಗಿ ಸಡಿಲುತ್ತದೆ, ಶ್ರುತಿ ಇಳಿಯುತ್ತದೆ. ಸಂಜೆ ಒಂದು ಮಾವಿನ ಮಳೆ ಸುರಿದರೆ ಮರ ತೇವ ಹೀರಿ ಇನ್ನೊಂದು ರೀತಿ ವರ್ತಿಸುತ್ತದೆ. ಮೇಲೆ ವೇದಿಕೆಯ ದೀಪಗಳ ಕಾವು ಬೇರೆ. ವೀಣೆಯ ಪಾಡು ಇನ್ನೂ ಸೂಕ್ಷ್ಮ. ಅದರ ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಕಾವಿಗೆ ಮೇಣ ಮೆತ್ತಗಾದರೆ ಮೆಟ್ಟಿಲು ಕೂದಲೆಳೆಯಷ್ಟು ಜರುಗುತ್ತದೆ, ಸ್ವರವೂ ಅದರ ಜೊತೆ ಜರುಗುತ್ತದೆ. ತಂಬೂರಿಯಲ್ಲಿ ತಂತಿ ಕುದುರೆಯ ಮೇಲೆ ಹಾಯುವ ಜಾಗ ವರ್ಷಗಳ ಮೀಟಿನಿಂದ ಸವೆದು ಗೆರೆ ಬೀಳುತ್ತದೆ. ಆಗ ಜೀವಾಳದ ದಾರವನ್ನು ಎಷ್ಟು ಜರುಗಿಸಿದರೂ ನಾದ ಬಿಚ್ಚಿಕೊಳ್ಳುವುದಿಲ್ಲ. ಕುದುರೆಯನ್ನು ಅರದಿಂದ ಉಜ್ಜಿ ಮತ್ತೆ ಹದಕ್ಕೆ ತರಬೇಕು. ಅದು ಕಿವಿ ಬಲ್ಲವರ ಕೆಲಸ. ಕಚೇರಿಗೆ ಹತ್ತು ನಿಮಿಷ ಇರುವಾಗ ಆಗುವಂಥದ್ದಲ್ಲ.

ಈ ತೊಂದರೆಗಳಿಗೆಲ್ಲ ಉತ್ತರವಾಗಿ ಬಂದದ್ದು ಎಲೆಕ್ಟ್ರಾನಿಕ್ ತಂಬೂರಿ. ಅದೂ ಬೆಂಗಳೂರಿನ ಕೂಸೇ. ಜಿ. ರಾಜ್ ನಾರಾಯಣ್ 1979ರಲ್ಲಿ ಅದನ್ನು ರೂಪಿಸಿದರು. ಇಂದು ಅದೇ ಕೆಲಸವನ್ನು ಮೊಬೈಲ್ ಆ್ಯಪ್ ಮಾಡುತ್ತದೆ. ಇದನ್ನು ಹಳಿಯುವುದರಲ್ಲಿ ನ್ಯಾಯವಿಲ್ಲ. ತಂಬೂರಿ ಕೊಳ್ಳುವ ಶಕ್ತಿಯಿಲ್ಲದ ಮನೆಯ ಮಗುವಿಗೆ, ಕಿರಿದಾದ ಬಾಡಿಗೆ ಮನೆಯಲ್ಲಿ ಅಭ್ಯಾಸ ಮಾಡುವವರಿಗೆ, ಕಿಕ್ಕಿರಿದ ರೈಲಿನಲ್ಲಿ ಬುರುಡೆ ಒಡೆದೀತೆಂದು ರಾತ್ರಿಯಿಡೀ ಕಾಯಬೇಕಾದ ಗಾಯಕರಿಗೆ ಅದು ದೊಡ್ಡ ಉಪಕಾರ ಮಾಡಿದೆ. ಮನೆಯಲ್ಲಿ ಪೆಟ್ಟಿಗೆ ಇರಲಿ. ಪ್ರಶ್ನೆ ಇರುವುದು ವೇದಿಕೆಯದು.

ವೇದಿಕೆಯಿಂದ ತಂಬೂರಿ ಹೋದಾಗ ನಾದದ ಜೊತೆಗೆ ಒಂದು ಆಸನವೂ ಹೋಗುತ್ತದೆ. ಗುರುವಿನ ಹಿಂದೆ ತಂಬೂರಿ ಹಿಡಿದು ಕೂರುವುದು ಶಿಷ್ಯರಿಗೆ ಸಿಗುವ ಮೊದಲ ವೇದಿಕೆ. ಎರಡು ಮೂರು ಗಂಟೆ ಅಲುಗದೆ ಮೀಟುತ್ತ ಕೂತವರಿಗೆ, ಗುರು ಎಲ್ಲಿ ಉಸಿರು ತೆಗೆದುಕೊಂಡರು, ಕೇಳುಗರು ಮುನಿಸಿಕೊಂಡಾಗ ರಾಗವನ್ನು ಹೇಗೆ ತಿರುಗಿಸಿದರು, ಗಂಟಲು ಕೈಕೊಟ್ಟಾಗ ಏನು ಮಾಡಿದರು ಎಂಬುದೆಲ್ಲ ಮೊಳದ ದೂರದಿಂದ ಕಾಣುತ್ತದೆ. ಇದನ್ನು ಯಾವ ತರಗತಿಯಲ್ಲೂ ಹೇಳಿಕೊಡಲು ಬರುವುದಿಲ್ಲ. ಕರ್ನಾಟಕದ ಹಿಂದೂಸ್ತಾನಿ ಪರಂಪರೆ ಹೀಗೆ ಹತ್ತಿರ ಕೂತು ಕೇಳಿಯೇ ಬೆಳೆದದ್ದು. ಮೀರಜಿನಲ್ಲಿ ನೆಲೆಸಿದ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ದಾಟಿದ ಕಿರಾಣಾ ಗಾಯಕಿಗೆ ಸ್ವರದ ನಿಖರತೆಯೇ ಪ್ರಾಣ. ಆ ನಿಖರತೆ ತಂಬೂರಿಯ ಒಡಲಲ್ಲಿ ಕಿವಿಯಿಟ್ಟು ಬಂದದ್ದು. ಪೆಟ್ಟಿಗೆಗೆ ಹಿಂದೆ ಕೂರುವವರು ಬೇಡ. ಗುಂಡಿ ಒತ್ತಿದರೆ ಸಾಕು. ಒಬ್ಬ ಹುಡುಗಿಯ ಜಾಗ ಆ ಗುಂಡಿಯಡಿ ಮುಚ್ಚಿಹೋಗುತ್ತದೆ.

ಆದ್ದರಿಂದ ಸಂಘಟಕರು ಮಾಡಬೇಕಾದ್ದು ದೊಡ್ಡ ಕ್ರಾಂತಿಯೇನಲ್ಲ. ಉತ್ಸವಕ್ಕೆ ಹದಿನೈದು ದಿನ ಮೊದಲು ವಾದ್ಯ ರಿಪೇರಿ ಮಾಡುವವರೊಬ್ಬರನ್ನು ಎರಡು ದಿನದ ಮಟ್ಟಿಗೆ ಕರೆಸಿ, ಹೋಗಿಬರುವ ಖರ್ಚು, ಊಟ, ಕೂಲಿ ಕೊಟ್ಟು, ಊರಿನ ಸಂಗೀತ ಶಾಲೆಗಳ ತಂಬೂರಿ, ವೀಣೆಗಳನ್ನೂ ಅವರ ಮುಂದಿಡಬಹುದು. ಹೆಣ್ಣು ಶ್ರುತಿಗೆ ಒಂದು ಜೋಡಿ, ಗಂಡು ಶ್ರುತಿಗೆ ಒಂದು ಜೋಡಿ ತಂಬೂರಿ ಸಭೆಯ ಸ್ವಂತ ಆಸ್ತಿಯಾಗಿರಬಹುದು. ಒಮ್ಮೆ ಕೊಂಡು ಜೋಪಾನ ಮಾಡಿದರೆ ದಶಕಗಳೇ ಬಾಳುತ್ತವೆ. ತಂಬೂರಿಗೆ ಕೂರುವ ವಿದ್ಯಾರ್ಥಿಗೆ ಆಟೋ ಖರ್ಚಿಗಾದರೂ ಆಗುವಷ್ಟು ಸಂಭಾವನೆ ಕೊಟ್ಟು, ಪಿಟೀಲು ಮೃದಂಗದವರ ಹೆಸರಿನ ಕೆಳಗೆ ಅವರ ಹೆಸರನ್ನೂ ಅಚ್ಚು ಹಾಕಿಸಬಹುದು.

ಹಣವೆಲ್ಲಿ ಎಂಬ ಪ್ರಶ್ನೆ ಸಹಜ. ಬಹುತೇಕ ಸಭೆಗಳು ದಾನಿಗಳನ್ನು ನಂಬಿ ನಡೆಯುತ್ತವೆ, ಸಂಜೆ ಕಳೆದರೆ ಸಾಕು ಎನ್ನುವ ಸ್ಥಿತಿಯೂ ಹಲವರದು. ಆದರೂ ಸ್ವಾಗತ ಕಮಾನು, ಶಾಲು, ಫಲತಾಂಬೂಲ, ಬಣ್ಣದ ಸ್ಮರಣ ಸಂಚಿಕೆಗೆ ಹಣ ಹೇಗೋ ಹೊಂದುತ್ತದೆ. ಒಂದು ವರ್ಷ ಶಾಲುಗಳನ್ನು ಬಿಟ್ಟರೆ ಯಾವ ಕಲಾವಿದರೂ ಬೇಸರಪಡಲಾರರು. ಅವರ ಮನೆಯ ಕಪಾಟಿನಲ್ಲಿ ಮಡಿಚಿಟ್ಟ ಶಾಲುಗಳೇ ಸಾಕಷ್ಟಿವೆ. ಸರಿಯಾಗಿ ಶ್ರುತಿ ಸೇರಿದ ಎರಡು ತಂಬೂರಿಗಳ ನಡುವೆ ಕೂರಿಸಿದರೆ, ಅದಕ್ಕಿಂತ ದೊಡ್ಡ ಸನ್ಮಾನ ಹಾಡುವವರಿಗೆ ಇನ್ನೊಂದಿಲ್ಲ.