ಮುಸ್ತಫಾ ಡಬ್ಬಿಗೆ ಯಾವ ಬೋರ್ಡು ಹಚ್ಚೋದು?

ಅಂಗಡಿಯವರು ‘ಎಲ್ಲಾದಕ್ಕೂ ಆಗ್ತದ್ರೀ ಸರ’ ಅಂದಾಗ ನಾನು ಒಂದೇ ಪ್ರಶ್ನೆ ಕೇಳೋದು: ಯಾವುದಕ್ಕೆ ಆಗಲ್ಲ? ಇದಕ್ಕೆ ಉತ್ತರ ಗೊತ್ತಿದ್ದವರ ಹತ್ತಿರ ಮಾತ್ರ ಸಾಮಾನು ತಗೊಳ್ಳಬೇಕು. ಲ್ಯಾಪ್‌ಟಾಪ್ ಚಾರ್ಜರಿನಿಂದ ಹಿಡಿದು ಗೇಮ್ ಬೋರ್ಡಿನ ತನಕ ಈ ಮಾತು ನಡೀತದೆ. ಈ ಸಲ ಗೇಮ್ ಬೋರ್ಡಿನ ಸರದಿ, ಅದೂ ನಮ್ಮ ದಡ್ಡಿಯಿಂದ ಬಂದದ್ದು.

ದಡ್ಡಿ ಅಂದರೆ ಹುಕ್ಕೇರಿ ತಾಲ್ಲೂಕಿನ ಒಂದು ಊರು. ಮಹಾರಾಷ್ಟ್ರದ ಗಡಿ ಹತ್ತಿರ, ಮಾತಿನಲ್ಲಿ ಕನ್ನಡ ಮರಾಠಿ ಎರಡೂ ಕಲಸಿಕೊಂಡಿರ್ತವೆ. ಅಲ್ಲಿ ನಮ್ಮ ಕಾಕಾನ ಹತ್ತಿರ ಎರಡು ಗೇಮಿನ ಡಬ್ಬಿ ಇವೆ. ನೀವು ಆರ್ಕೇಡ್ ಕ್ಯಾಬಿನೆಟ್ ಅಂತೀರಿ, ಅವನ ಬಾಯಲ್ಲಿ ಅದು ಡಬ್ಬಿನೇ. ಪ್ಲೈವುಡ್ಡಿನ ಪೆಟ್ಟಿಗೆ, ಒಳಗೆ ಹಳೇ ಪಿಕ್ಚರ್ ಟ್ಯೂಬು, ಮುಂದೆ ಎರಡು ಜಾಯ್‌ಸ್ಟಿಕ್ಕು, ಕೆಳಗೆ ಕಾಯಿನ್ ಹಾಕೋ ಸಂದಿ. ವರ್ಷಪೂರ್ತಿ ತಾಡಪತ್ರಿ ಹೊದ್ದು ಮಲಗಿರ್ತವೆ. ಜಾತ್ರೆ ಬಂದರೆ ಟೆಂಪೋ ಏರ್ತವೆ. ಭಾವೇಶ್ವರಿ ಜಾತ್ರೆ ಅವನಿಗೆ ಎಲ್ಲಕ್ಕಿಂತ ದೊಡ್ಡದು. ನನ್ನ ತಂಗಿಯ, ಅಂದರೆ ಕಾಕಾನ ಮಗಳ, ಡಿಪ್ಲೊಮಾ ಫೀ ಬಹುತೇಕ ಈ ಐದು ರೂಪಾಯಿ ಕಾಯಿನ್‌ಗಳಿಂದಲೇ ಕಟ್ಟಿದ್ದು.

ಮಳೆಗಾಲ ಮುಗಿದ ಮೇಲೆ ನೋಡಿದರೆ ಒಂದು ಡಬ್ಬಿ ಚಾಲೂ ಆಗ್ತಿಲ್ಲ. ಪರದೆ ಮೇಲೆ ಬರೀ ಚಿತ್ರವಿಚಿತ್ರ ಅಕ್ಷರ, ಆಮೇಲೆ ಕಪ್ಪು. ಜಾತ್ರೆಯ ಜಾಗಕ್ಕೂ ಟೆಂಪೋಕ್ಕೂ ಮುಂಗಡ ಕೊಟ್ಟಾಗಿತ್ತು. ಗುಜರಿಯವನೊಬ್ಬ ಬಂದು ‘ಸುಟ್ಟದ್ದು, ತೂಕಕ್ಕ ಹಾಕ್ರಿ’ ಅಂದುಹೋಗಿದ್ದ. ಅಷ್ಟರಲ್ಲಿ ಕಾಕಾನ ಮಗ, ನನ್ನ ತಮ್ಮ, ತಾನೇ ಒಂದು ದಾರಿ ಹುಡುಕಿದ. ಸೆಕೆಂಡ್‌ಹ್ಯಾಂಡ್ ಪ್ಲೇಸ್ಟೇಷನ್ 4 ಒಂದು, ಎಲ್‌ಇಡಿ ಟಿವಿ ಒಂದು, ಜಾಯ್‌ಸ್ಟಿಕ್ಕಿನ ವೈರುಗಳನ್ನು ಯುಎಸ್‌ಬಿಗೆ ತಿರುಗಿಸುವ ಚಿಕ್ಕ ಬೋರ್ಡು ಒಂದು. ಇದಕ್ಕೆ ಎನ್‌ಕೋಡರ್ ಅಂತಾರೆ. ಆನ್‌ಲೈನಿನಲ್ಲಿ ಮಾರಿದವನು ‘ಪಿಎಸ್4 ಸಪೋರ್ಟ್’ ಅಂತ ದಪ್ಪಕ್ಷರದಲ್ಲಿ ಬರೆದಿದ್ದ.

ಹಚ್ಚಿದ, ಆಡಿತು. ಮನೆಮಂದಿಯೆಲ್ಲ ಖುಷಿ. ಎಂಟು ನಿಮಿಷ ಆದ ಮೇಲೆ ಜಾಯ್‌ಸ್ಟಿಕ್ಕು ಸತ್ತುಹೋಯಿತು. ವೈರು ಕಿತ್ತು ಮತ್ತೆ ಹಚ್ಚಿದರೆ ಮತ್ತೆ ಎಂಟು ನಿಮಿಷ. ರಾತ್ರಿ ಹತ್ತಕ್ಕೆ ಕಾಕಾನ ಫೋನು ಬಂತು.

‘ಏನ್ ತಮ್ಮಾ, ನೀ ಕಂಪ್ಯೂಟರ್‌ದಾಂವ ಅದಿ. ಇದಕ್ಕ ಏನ್ ದೆವ್ವ ಹೊಕ್ಕಾದ ಹೇಳು. ಎಂಟ್ ಮಿನಿಟಿಗೊಮ್ಮೆ ಬಂದ್ ಬಿತ್ತಂದ್ರ ಹುಡುಗೂರು ರೊಕ್ಕ ವಾಪಸ್ ಕೇಳ್ತಾವ.’

ದೆವ್ವ ಅಲ್ಲ, ಕಾವಲುಗಾರ. ಪಿಎಸ್4 ತನಗೆ ಹಚ್ಚಿದ ಕಂಟ್ರೋಲರನ್ನು ಆಟ ನಡೆಯುತ್ತಿರುವಾಗಲೇ ಪರೀಕ್ಷೆ ಮಾಡುತ್ತದೆ. ಒಂದು ಗುಪ್ತ ಪ್ರಶ್ನೆ ಕಳಿಸುತ್ತದೆ. ಲೈಸೆನ್ಸ್ ಇರುವ ಕಂಟ್ರೋಲರಿನೊಳಗಿನ ಕೀಲಿ ಮಾತ್ರ ಅದಕ್ಕೆ ಸಹಿ ಹಾಕಿ ಉತ್ತರ ಕೊಡಬಲ್ಲದು. ಉತ್ತರ ಬರದಿದ್ದರೆ ಸುಮಾರು ಎಂಟು ನಿಮಿಷ ಸುಮ್ಮನಿದ್ದು ಹೊರಗೆ ಹಾಕುತ್ತದೆ. ನಾವು ಆಫೀಸಿನಲ್ಲಿ ಟೋಕನ್ ಅವಧಿ ಮುಗಿದು ಲಾಗೌಟ್ ಆಗ್ತೀವಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ. ಪ್ಲಗ್ಗು ಕೂತಿತು ಅಂದರೆ ಕರೆಂಟು ಹೊಂದಿತು ಅಂತಷ್ಟೇ ಅರ್ಥ. ಅದರ ಮೇಲೆ ಭಾಷೆ ಹೊಂದಬೇಕು, ಅದರ ಮೇಲೆ ಗುರುತಿನ ಚೀಟಿ ಹೊಂದಬೇಕು. ತಮ್ಮನ ಬೋರ್ಡಿಗೆ ಮೊದಲ ಎರಡು ಇದ್ದವು, ಮೂರನೆಯದು ಇರಲಿಲ್ಲ. ಮಾರಿದವನು ಸುಳ್ಳು ಹೇಳಿದನೇ? ಎಂಟು ನಿಮಿಷದ ಮಟ್ಟಿಗೆ ನಿಜವನ್ನೇ ಹೇಳಿದ್ದ!

ನೀವು ಮನೆಗೋ ಆಫೀಸಿನ ಮೂಲೆಗೋ ಇಂಥ ಡಬ್ಬಿ ಮಾಡಿಸಬೇಕು ಅಂತಿದ್ದರೆ ಈ ಎನ್‌ಕೋಡರ್‌ಗಳ ಗುಣ ಸ್ವಲ್ಪ ತಿಳಿದುಕೊಳ್ಳಿ. ‘ಝೀರೋ ಡಿಲೇ’ ಅಂತ ಸಿಗುವ ಅಗ್ಗದ ಬೋರ್ಡು ಪಿ.ಸಿ.ಗೆ, ರಾಸ್ಪ್‌ಬೆರಿ ಪೈಗೆ ಚೆನ್ನಾಗಿ ಆಗುತ್ತದೆ. ಪಿಎಸ್4ಗೂ ಎಕ್ಸ್‌ಬಾಕ್ಸಿಗೂ ಅದನ್ನು ನಂಬಬೇಡಿ. ಹೆಸರಿನಲ್ಲಿರುವ ಝೀರೋ ಕೂಡ ಜಾಹೀರಾತಿನ ಝೀರೋ. ಅದನ್ನೇ ಎರಡು ತಂದು ಇಬ್ಬರು ಆಟಗಾರರಿಗೆ ಹಚ್ಚಿದರೆ ಇನ್ನೊಂದು ತಮಾಷೆ ಆಗುತ್ತದೆ. ಎರಡೂ ಕಂಪ್ಯೂಟರಿಗೆ ಒಂದೇ ಹೆಸರು, ಒಂದೇ ನಂಬರು ಹೇಳುತ್ತವೆ. ಬೇರೆ ಬೇರೆ ಸೀರಿಯಲ್ ನಂಬರ್ ಇಲ್ಲ. ರೀಸ್ಟಾರ್ಟ್ ಮಾಡಿದಾಗ ಒಂದನೇ ಆಟಗಾರ ಎರಡನೆಯವನಾಗಬಹುದು. ಲಿನಕ್ಸ್ ಇದ್ದರೆ ಯಾವ ಯುಎಸ್‌ಬಿ ಸಂದಿಯಲ್ಲಿ ಯಾವುದು ಕೂತಿದೆ ಅನ್ನುವುದರ ಮೇಲೆ ಒಂದು ಯುಡೆವ್ ನಿಯಮ ಬರೆದು ಸರಿ ಮಾಡಿಕೊಳ್ಳಬಹುದು. ಇಲ್ಲವಾದರೆ ಅಣ್ಣತಮ್ಮಂದಿರ ಜಗಳಕ್ಕೆ ನೀವೇ ಜವಾಬ್ದಾರರು.

ಇನ್ನೊಂದು ಜಾತಿ ಇದೆ, ಕೀಬೋರ್ಡಿನ ವೇಷ ಹಾಕುವ ಎನ್‌ಕೋಡರ್. ಇಂಗ್ಲೆಂಡಿನ ಅಲ್ಟಿಮಾರ್ಕ್ ಕಂಪನಿಯ ಐ-ಪ್ಯಾಕ್ ಇದರಲ್ಲಿ ಹೆಸರುವಾಸಿ. ಹಳೇ ಆರ್ಕೇಡ್ ಆಟ ನಡೆಸುವ ಮೇಮ್ ಎಂಬ ಸಾಫ್ಟ್‌ವೇರಿನಲ್ಲಿ ಮೊದಲೇ ಇರುವ ಕೀಗಳಿಗೆ ಅದು ಹೊಂದಿಕೊಂಡೇ ಬರುತ್ತದೆ. ಹಾಗಂತ ಮನೆಯ ಹಳೇ ಯುಎಸ್‌ಬಿ ಕೀಬೋರ್ಡು ಬಿಚ್ಚಿ ವೈರು ಎಳೆದರೆ ಅಷ್ಟೇ ಕೆಲಸ ಆಗುತ್ತದೆ ಅನ್ಕೋಬೇಡಿ. ಸಾದಾ ಯುಎಸ್‌ಬಿ ಕೀಬೋರ್ಡಿನ ಒಂದು ವರದಿ 8 ಬೈಟು. ಒಂದು ಬೈಟು ಶಿಫ್ಟು, ಕಂಟ್ರೋಲುಗಳಿಗೆ, ಒಂದು ಖಾಲಿ, ಉಳಿದ 6ರಲ್ಲಿ ಒತ್ತಿದ 6 ಕೀ. ಏಳನೆಯದಕ್ಕೆ ಜಾಗ ಇಲ್ಲ. ಇಬ್ಬರು ಜೋರಾಗಿ ಹೊಡೆದಾಡುವಾಗ ಆರು ದಾಟುವುದು ಕಷ್ಟವೇನಲ್ಲ. ಮೇಮ್‌ನಲ್ಲಿ ಒಂದನೇ ಆಟಗಾರನ ನಾಲ್ಕನೇ ಬಟನ್ ಅಂದರೆ ಎಡಗಡೆ ಶಿಫ್ಟ್. ವಿಂಡೋಸಿನಲ್ಲಿ ಅದನ್ನು ಬೇಗಬೇಗ ಐದು ಸಲ ಒತ್ತಿದರೆ ‘ಸ್ಟಿಕ್ಕಿ ಕೀಸ್ ಬೇಕಾ’ ಅಂತ ಡಬ್ಬಿ ತೆರೆದುಕೊಳ್ಳುತ್ತದೆ. ಫೈನಲ್ ರೌಂಡಿನಲ್ಲೇ ತೆರೆದುಕೊಳ್ಳುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಮೊದಲೇ ಸೆಟ್ಟಿಂಗ್ಸಿಗೆ ಹೋಗಿ ಆಫ್ ಮಾಡಿ.

ಪಿಎಸ್4ಗೇ ಬೇಕು ಅಂದರೆ ದಾರಿ ಇದೆ. ಬ್ರೂಕ್ ಕಂಪನಿಯ ಬೋರ್ಡುಗಳು ಆ ಕಾವಲುಗಾರನನ್ನು ದಾಟುತ್ತವೆ, ಬೆಲೆ ಮಾತ್ರ ಅಗ್ಗದ್ದರ ಹಲವು ಪಟ್ಟು. ಅಥವಾ ಅಸಲಿ ಕಂಟ್ರೋಲರನ್ನೇ ಬಿಚ್ಚಿ ಅದರ ಬಟನ್‌ಗಳ ಕೆಳಗಿನ ಜಾಗಕ್ಕೆ ವೈರು ಬೆಸುಗೆ ಹಾಕಬಹುದು. ಗುರುತಿನ ಚೀಟಿ ಅಸಲಿದೇ ಆದ್ದರಿಂದ ತಕರಾರು ಬರಲ್ಲ, ಕೈ ನಡುಗಬಾರದು ಅಷ್ಟೇ. ನನ್ನ ಇಷ್ಟದ್ದು ಮಾತ್ರ ರಾಸ್ಪ್‌ಬೆರಿ ಪೈ ಪಿಕೊ. 2021ರಲ್ಲಿ 4 ಡಾಲರಿಗೆ ಬಂದ ಬೆರಳುದ್ದದ ಬೋರ್ಡು. ಅದಕ್ಕೆ ಜಿಪಿ2040-ಸಿಇ ಅನ್ನುವ ಮುಕ್ತ ಫರ್ಮ್‌ವೇರ್ ಹಾಕಿದರೆ ಪಿ.ಸಿ.ಗೆ ಎಕ್ಸ್‌ಬಾಕ್ಸ್ ಕಂಟ್ರೋಲರಿನಂತೆ, ನಿಂಟೆಂಡೊ ಸ್ವಿಚ್ಚಿಗೆ ಸ್ವಿಚ್ಚಿನದರಂತೆ, ಪಿಎಸ್3ಗೆ ಅದರದೇ ಭಾಷೆಯಲ್ಲಿ ಮಾತಾಡುತ್ತದೆ. ಪಿಎಸ್4ಗೂ ಮಾತಾಡುತ್ತದೆ, ಆದರೆ ಕೀಲಿ ಇಲ್ಲದಿದ್ದರೆ ಅಲ್ಲೂ ಅದೇ ಎಂಟು ನಿಮಿಷ. ಒಂದು ಎಚ್ಚರ: ಪಿಕೊದ ಕಾಲುಗಳು 3.3 ವೋಲ್ಟಿನವು. ಹಳೇ ಡಬ್ಬಿಯ 5 ವೋಲ್ಟಿನ ವೈರನ್ನು ನೇರ ತಂದು ಮುಟ್ಟಿಸಬೇಡಿ.

ಇದೆಲ್ಲ ಕಾಕಾನಿಗೆ ಹೇಳಿದೆ. ಅವನು ಕೇಳಿದ ಪ್ರಶ್ನೆ ಒಂದೇ: ‘ಕಾಯಿನ್ ಎಲ್ಲಿ ಹಾಕೂದು?’

ಅಸಲಿ ಪ್ರಶ್ನೆ ಅದೇ. ಕನ್ಸೋಲಿಗೆ ಕಾಯಿನ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದು ಮನೆಯಲ್ಲಿ ಸೋಫಾ ಮೇಲೆ ಕೂತವರಿಗಾಗಿ ಮಾಡಿದ್ದು. ಒಂದು ಆಟ ಮುಗಿದರೆ ಇನ್ನೊಂದು ಪುಕ್ಕಟೆ. ಡಬ್ಬಿಯ ಬೋರ್ಡಿನಲ್ಲಿ ಕಾಯಿನ್ ಸಹ ಒಂದು ಸ್ವಿಚ್ಚು, ಅದಕ್ಕೆಂದೇ ಒಂದು ಪಿನ್ನು. ಬಿದ್ದ ಕಾಯಿನ್‌ಗಳನ್ನು ಎಣಿಸುವ ಮೀಟರಿಗೂ ಒಂದು ಪಿನ್ನು. ಜಾತ್ರೆಯವನಿಗೆ ಬೇಕಾದದ್ದು ಚೆಂದದ ಗ್ರಾಫಿಕ್ಸ್ ಅಲ್ಲ, ಆ ಎರಡು ಪಿನ್ನು.

ಈ ಪಿನ್ನುಗಳ ಕಥೆ ನನಗೆ ಬಹಳ ಸೇರುತ್ತದೆ. 1980ರ ದಶಕದ ಮೊದಲರ್ಧದಲ್ಲಿ ಒಂದೊಂದು ಕಂಪನಿಯ ಆಟದ ಬೋರ್ಡಿಗೆ ಒಂದೊಂದು ಥರದ ವೈರಿಂಗು. ಆಟ ಬದಲಿಸಬೇಕಾದರೆ ಡಬ್ಬಿಯ ಹೊಟ್ಟೆಯೊಳಗಿನ ನರವೆಲ್ಲ ಕಿತ್ತು ಹೊಸದು ಹಾಕಬೇಕಿತ್ತು. 1985ರಲ್ಲಿ ಜಪಾನಿನ ಆಟದ ಯಂತ್ರ ತಯಾರಕರ ಸಂಘ ಎಲ್ಲರೂ ಒಂದೇ ಥರದ ಕನೆಕ್ಟರ್ ಇಡೋಣ ಅಂತ ಮಾಡಿತು. ಸಂಘದ ಹೆಸರಿನ ಮೊದಲಕ್ಷರಗಳೇ ಅದರ ಹೆಸರಾಯಿತು: ಜಮ್ಮಾ. ಬೋರ್ಡಿನ ಅಂಚಿನಲ್ಲಿ ಮೇಲೆ 28, ಕೆಳಗೆ 28, ಒಟ್ಟು 56 ಪಿನ್ನು. ಕರೆಂಟು, ಚಿತ್ರ, ಧ್ವನಿ, ಕಾಯಿನ್, ಇಬ್ಬರ ಜಾಯ್‌ಸ್ಟಿಕ್ಕು, ಒಬ್ಬೊಬ್ಬರಿಗೆ ಮೂರು ಬಟನ್, ಎಲ್ಲ ಅದರಲ್ಲೇ. ಹಳೇ ಬೋರ್ಡು ಎಳೆದು ಹೊಸದು ಒತ್ತಿದರೆ ಹೊಸ ಆಟ ರೆಡಿ. ದಡ್ಡಿಯಂಥ ಊರಿನ ಜಾತ್ರೆಗೂ ಜಪಾನಿನ ಆಟ ಬಂದು ತಲುಪಿದ್ದರ ಹಿಂದೆ ಈ ಕನೆಕ್ಟರಿನ ಕೈ ದೊಡ್ಡದು.

ಆದರೆ ಒಮ್ಮತ ಆದಲ್ಲೆಲ್ಲ ಅಪವಾದವೂ ಇರ್ತದಲ್ಲ. 1991ರಲ್ಲಿ ಸ್ಟ್ರೀಟ್ ಫೈಟರ್ 2 ಬಂತು, ಅದಕ್ಕೆ ಒಬ್ಬರಿಗೆ ಆರು ಬಟನ್. ಜಮ್ಮಾದಲ್ಲಿ ಮೂರೇ. ಒದೆಯುವ ಮೂರು ಬಟನ್‌ಗಳಿಗೆ ಬೋರ್ಡಿನಲ್ಲಿ ಬೇರೆ ಕನೆಕ್ಟರ್ ಕೊಟ್ಟರು. ಆ ವೈರು ಇಲ್ಲದ ಡಬ್ಬಿಗೆ ಬೋರ್ಡು ಹಾಕಿದರೆ ಗುದ್ದಬಹುದು, ಒದೆಯಲು ಬರಲ್ಲ. 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಮೂವರು ಒಟ್ಟಿಗೆ ಆಡುವ ಆಟ. ನಮ್ಮಲ್ಲಿ ಯಾರಿಗೂ ಈ ಹೆಸರು ಗೊತ್ತಿಲ್ಲ. ಹಳದಿ ಟೋಪಿಯ ಮುಸ್ತಫಾನ ಹೆಸರಿನಿಂದ ಅದು ‘ಮುಸ್ತಫಾ ಗೇಮ್’. ಜಮ್ಮಾದಲ್ಲಿ ಮೂರನೇ ಆಟಗಾರನಿಗೆ ಜಾಗವೇ ಇಲ್ಲ, ಅವನಿಗೂ ಬೇರೆ ವೈರೇ. ಅಂದರೆ ನಮ್ಮಲ್ಲಿ ಅದನ್ನು ಇಬ್ಬರೇ ಆಡಿ ಬೆಳೆದವರಿಗೆ ಮೂರನೆಯವನ ವೈರು ಯಾರೂ ಎಳೆದಿರಲಿಲ್ಲ ಅಷ್ಟೇ.

ಕೆಟ್ಟದ್ದು ಅಂತ ಅನ್ನಿಸಿಕೊಂಡ ಕಾಕಾನ ಡಬ್ಬಿಯೊಳಗೆ ಇದ್ದದ್ದೂ ಮುಸ್ತಫಾನೇ, ಅದೂ ನಕಲಿ ಬೋರ್ಡು. ಇದರಲ್ಲೊಂದು ವಿಚಿತ್ರ ಇದೆ ಕೇಳಿ. ಕ್ಯಾಪ್ಕಾಮ್‌ನ ಅಸಲಿ ಬೋರ್ಡಿನಲ್ಲಿ ಒಂದು ಬ್ಯಾಟರಿ ಇರುತ್ತದೆ. ಧ್ವನಿ ಭಾಗದ ಗುಪ್ತ ಕೋಡ್ ಬಿಡಿಸುವ ಕೀಲಿ ಆ ಬ್ಯಾಟರಿಯ ಬಲದಿಂದ ಉಳಿದಿರುತ್ತದೆ. ಬ್ಯಾಟರಿ ತೀರಿದರೆ ಕೀಲಿ ಅಳಿಸಿತು, ಬೋರ್ಡು ಕೆಲಸಕ್ಕೆ ಬಾರದು. ನಕಲಿ ಮಾಡಿದವರು ಹಲವರು ಆ ಧ್ವನಿ ಭಾಗವನ್ನೇ ಬಿಟ್ಟು ಅಗ್ಗದ ಚಿಪ್ಪು ಹಾಕಿದರು. ಹಾಡು ಕೀರಲು, ಆದರೆ ಸಾಯುವ ಬ್ಯಾಟರಿಯೂ ಇಲ್ಲ. ಅಸಲಿಗೆ ಆಯುಷ್ಯ ಕಮ್ಮಿ!

ಶನಿವಾರ ಸಂಕೇಶ್ವರದ ಒಬ್ಬ ಟಿವಿ ರಿಪೇರಿಯವರನ್ನು ಕರೆದುಕೊಂಡು ಊರಿಗೆ ಹೋದೆ. ಪವರ್ ಸಪ್ಲೈಯ ಬಾಯಲ್ಲಿ ಮೀಟರ್ ಹಿಡಿದರೆ ಸರಿಯಾಗಿ 5 ವೋಲ್ಟ್. ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ಅವರು ಬೋರ್ಡು ಹಚ್ಚಿ, ಚಾಲೂ ಇಟ್ಟು, ಬೋರ್ಡಿನ ಅಂಚಿನ ಮೇಲೇ ಹಿಡಿದರು. 4.4 ವೋಲ್ಟ್. ನಡುವಿನ ವೈರು ಮತ್ತು ಹಸಿರುಗಟ್ಟಿದ ಪಿನ್ನು ಉಳಿದದ್ದನ್ನು ತಿಂದಿದ್ದವು. ಅಷ್ಟು ಕಮ್ಮಿಯಾದರೆ ಚಿಪ್ಪುಗಳಿಗೆ ಸೊನ್ನೆ ಯಾವುದು ಒಂದು ಯಾವುದು ತಿಳಿಯದೆ ಪರದೆ ತುಂಬ ಕಸ ಬರುತ್ತದೆ. ಪಿನ್ನುಗಳನ್ನು ಶಾಲೆಯ ರಬ್ಬರಿನಿಂದ ತಿಕ್ಕಿ, ಸ್ಪಿರಿಟಿನಲ್ಲಿ ಒರೆಸಿ, 5 ವೋಲ್ಟಿನ ವೈರು ದಪ್ಪದ್ದು ಹಾಕಿದರು. 4.95. ಮುಸ್ತಫಾ ಎದ್ದು ನಿಂತ. ಕಾಕಾ ಏನೂ ಮಾತಾಡಲಿಲ್ಲ, ಜೇಬಿನಿಂದ ಒಂದು ಕಾಯಿನ್ ತೆಗೆದು ಸಂದಿಗೆ ಹಾಕಿದ.

ಬೋರ್ಡು ವಾಪಸ್ ಒತ್ತುವಾಗ ರಿಪೇರಿಯವರು ತಮ್ಮನ ಕೈ ಹಿಡಿದು ತಡೆದರು. ‘ಏ, ತಿರುವು ಮುರುವು ಹಾಕಬ್ಯಾಡೋ.’ ಜಮ್ಮಾ ಕನೆಕ್ಟರಿನಲ್ಲಿ ಏಳನೇ ಪಿನ್ನಿನ ಜಾಗದಲ್ಲಿ ಒಂದು ಸೀಳು ಇರಬೇಕು, ತಲೆಕೆಳಗಾಗಿ ಕೂರದಿರಲಿ ಅಂತ. ಅಗ್ಗದ ಕನೆಕ್ಟರುಗಳಲ್ಲಿ ಅದರ ತಡೆ ಇರುವುದಿಲ್ಲ. ನಾನು ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ತಿರುಗಿಸಿ ಹಚ್ಚಿದರೆ ಎರಡೂ ತುದಿಯ ಗ್ರೌಂಡ್ ಪಿನ್ನುಗಳು ಸರಿಯಾಗೇ ಕೂರುತ್ತವೆ, ಆರನೇ ಪಿನ್ನಿನ 12 ವೋಲ್ಟ್ ಹೋಗಿ 23ನೇ ಪಿನ್ನಿಗೆ, ಅಂದರೆ ಎರಡನೇ ಬಟನ್ನಿನ ದಾರಿಗೆ ನುಗ್ಗುತ್ತದೆ. ಮುಸ್ತಫಾದಲ್ಲಿ ಅದು ಹಾರುವ ಬಟನ್. 5 ವೋಲ್ಟಿನ ಚಿಪ್ಪಿಗೆ 12 ಹೋದರೆ ಆಮೇಲೆ ಹಾರುವುದು ಹೊಗೆ ಮಾತ್ರ. ಇನ್ನೊಂದು ಮಾತು, ಕಂಪ್ಯೂಟರಿನ ಪವರ್ ಸಪ್ಲೈ ಹಾಕಿದರಾಗದೇ ಅಂತ ಕೇಳುವವರಿಗೆ: ಬಹಳ ಬೋರ್ಡುಗಳಿಗೆ ಆಗುತ್ತದೆ. ಆದರೆ ಜಮ್ಮಾದಲ್ಲಿ ಮೈನಸ್ 5 ವೋಲ್ಟಿಗೂ ಪಿನ್ನಿದೆ, ಈಗಿನ ಪಿ.ಸಿ. ಸಪ್ಲೈಗಳಲ್ಲಿ ಅದು ಬರುವುದಿಲ್ಲ. ಅದನ್ನು ಬೇಡುವ ಕೆಲವು ಹಳೇ ಬೋರ್ಡುಗಳು ಮೂಕವಾಗುತ್ತವೆ.

ಎಲ್‌ಇಡಿ ಟಿವಿಯನ್ನು ಡಬ್ಬಿಗೆ ಹಚ್ಚೋಣ ಅಂತ ತಮ್ಮ ಇನ್ನೂ ಹಟ ಹಿಡಿದಿದ್ದ. ಬೇಡ ಅಂದೆ. ಬೋರ್ಡು ಕೊಡುವುದು 15 ಕಿಲೋಹರ್ಟ್ಸಿನ ಕೆಂಪು-ಹಸಿರು-ನೀಲಿ ಸಿಗ್ನಲ್, ಪಿ.ಸಿ.ಯ ವಿಜಿಎ ಕೇಳುವುದು 31. ನಡುವೆ ಪರಿವರ್ತಕ ಬೇಕು, ಅಗ್ಗದ ಪರಿವರ್ತಕ ತಡ ಮಾಡುತ್ತದೆ. ಟ್ಯೂಬು ಬದುಕಿರುವ ತನಕ ಟ್ಯೂಬೇ ಇರಲಿ. ಪಿ.ಸಿ.ಗೆ ಮೇಮ್ ಹಾಕಿ ಇಂಟರ್ನೆಟ್ಟಿನ ಆಟ ಇಳಿಸಿ ಕಾಯಿನ್ ಹಾಕಿಸೋಣ ಅಂತಲೂ ಅವನ ಯೋಜನೆ ಇತ್ತು. ಮೇಮ್ ಮುಕ್ತ ಸಾಫ್ಟ್‌ವೇರ್, ಆಟಗಳು ಮುಕ್ತ ಅಲ್ಲ. ಕ್ಯಾಪ್ಕಾಮ್ 2018ರಲ್ಲಿ ತನ್ನ ಏಳು ಹೊಡೆದಾಟದ ಆಟ ಒಟ್ಟುಗೂಡಿಸಿ ಬಿಟ್ಟಾಗಲೂ ಮುಸ್ತಫಾ ಅದರಲ್ಲಿರಲಿಲ್ಲ, ಅದು ಬೇರೆಯವರ ಕಾಮಿಕ್ಸಿನ ಮೇಲೆ ಮಾಡಿದ ಆಟ. ಮಾರಲು ಬಂದರೆ ನಾನೇ ಮೊದಲು ಕೊಳ್ಳುವವನು.

ಪಿಎಸ್4 ಈಗ ತಮ್ಮನ ರೂಮಿನಲ್ಲಿದೆ, ಅಸಲಿ ಕಂಟ್ರೋಲರಿನ ಜೊತೆ. ಡಬ್ಬಿಗಳೆರಡೂ ಟೆಂಪೋಕ್ಕೆ ತಯಾರು. ನನ್ನ ಪಾಲಿಗೆ ಉಳಿದದ್ದು ಮೂರನೇ ಆಟಗಾರನ ವೈರು. ಕಾಕಾನ ಬೋರ್ಡಿನ ಬದಿಗೆ ಅದರ ಕನೆಕ್ಟರ್ ಖಾಲಿ ಕೂತಿದೆ, ಮೀಟರ್ ಹಿಡಿದು ಯಾವ ಪಿನ್ನು ಯಾವುದು ಅಂತ ಬರೆದುಕೊಂಡು ಬಂದಿದ್ದೇನೆ. ಜಾಯ್‌ಸ್ಟಿಕ್ಕಿಗೆ ಹಲಗೆ ಕೊರೆಯಬೇಕಲ್ಲ, ಊರ ಬಡಿಗೇರರು ‘ಜಾತ್ರಿ ಮುಗೀಲಿ, ಆಮ್ಯಾಲ ನೋಡೂನು’ ಅಂದಿದ್ದಾರೆ.