ಹಾಲುಹಲ್ಲೂ ಹೃದಯವೂ

ಜನ್ಮಜಾತ ಹೃದ್ರೋಗವುಳ್ಳ ಶಿಶುವಿಗೆ ಹೃದಯದ ಚಿಕಿತ್ಸೆಯೇ ಸರ್ವಸ್ವವೆಂದೂ, ತಾವಾಗಿಯೇ ಉದುರಿಹೋಗುವ ಹಾಲುಹಲ್ಲುಗಳ ಚಿಂತೆ ಅನಾವಶ್ಯಕವೆಂದೂ ಕಳೆದ ಸಂಚಿಕೆಯ ಲೇಖಕರು ಪ್ರತಿಪಾದಿಸಿರುವುದು ಅಪಾಯಕರವಾದ ಭ್ರಾಂತಿ. ಹಾಲುಹಲ್ಲುಗಳಲ್ಲಿ ಕಡೆಯ ದವಡೆಹಲ್ಲುಗಳು 10–12ನೆಯ ವಯಸ್ಸಿನವರೆಗೂ ಬಾಯಲ್ಲಿರತಕ್ಕವು. ಅವು ಹುಳುಕಾಗಿ ಕೀವುಗಟ್ಟಿದಾಗ, ಅದುವರೆಗೆ ನಿರುಪದ್ರವಿಗಳಾಗಿದ್ದ ಸ್ಟ್ರೆಪ್ಟೊಕಾಕಸ್ ಜೀವಾಣುಗಳೇ ರಕ್ತವನ್ನು ಸೇರಿ, ವಿಕಲವಾದ ಅಥವಾ ಕೃತಕವಾದ ಕವಾಟವನ್ನು ಆಶ್ರಯಿಸಿ, ಹೃದಯದ ಒಳಪೊರೆಯ ಸೋಂಕಾದ, ಪ್ರಾಣಾಂತಕ ಎಂಡೋಕಾರ್ಡೈಟಿಸ್ ರೋಗವನ್ನು ಉಂಟುಮಾಡಬಲ್ಲವು. ಹಲ್ಲು ಕೀಳುವ ಮುನ್ನ ಆಂಟಿಬಯೋಟಿಕ್ ಕೊಟ್ಟರೆ ಸಾಕೆಂಬ ಅವರ ಸಮಾಧಾನವೂ ನಿಲ್ಲತಕ್ಕದ್ದಲ್ಲ: ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2007ರಲ್ಲಿ ಆ ಮುನ್ನೆಚ್ಚರಿಕೆಯ ಔಷಧವನ್ನು ಅತ್ಯಧಿಕ ಅಪಾಯವುಳ್ಳವರಿಗಷ್ಟೇ ಮಿತಗೊಳಿಸಿ, ನಿತ್ಯದ ದಂತಶುದ್ಧಿಗೇ ಹೆಚ್ಚಿನ ಮಹತ್ತ್ವವನ್ನಿತ್ತಿತು. ಆದುದರಿಂದ ಹೃದಯದ ಶಸ್ತ್ರಚಿಕಿತ್ಸೆಗೆ ಮುನ್ನವೇ ದಂತಪರೀಕ್ಷೆ ನಡೆಯಲೇಬೇಕು. ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಸಾರಿ ಹಲ್ಲುಜ್ಜಿಸುವುದು ಹೃದಯಚಿಕಿತ್ಸೆಯ ಅಂಗವೇ ಎಂದು ವೈದ್ಯರು ತಾಯ್ತಂದೆಗಳಿಗೆ ಬೋಧಿಸಬೇಕು.